ಗೋಪುರದ ಗಡಿಯಾರದ ಯಾಕಮ್ಮ

ಊರ ನಡುವಿನ ಗೋಪುರಕ್ಕೆ ಗಡಿಯಾರವನ್ನು ಹೊತ್ತು ಹತ್ತಿಸಿದವನು ಯಾಕಮ್ಮನ ಮುತ್ತಜ್ಜ. ಕಸುಬಿನಲ್ಲಿ ಕಮ್ಮಾರ. ನೂರ ಹನ್ನೆರಡು ಮೆಟ್ಟಿಲನ್ನು, ಒಂದೊಂದು ಚಕ್ರವನ್ನೂ ಎಳೆಗೂಸಿನಂತೆ ಎದೆಗವಚಿಕೊಂಡು ಹತ್ತಿದನಂತೆ. ಅವನ ಮಗ, ಅಂದರೆ ಅಜ್ಜ, ಮೂರು ದಿನಕ್ಕೊಮ್ಮೆ ಕೀಲಿ ಕೊಡುವ ಕೆಲಸಕ್ಕೆ ನಿಂತ. ಒಂದು ಸಲ ಗಂಟೆ ಬಡಿಯುವ ಸುತ್ತಿಗೆ ಮುರಿಯಿತು. ಹೊಸದು ಬರುವ ತನಕ ಒಂಬತ್ತು ದಿನ ಅಜ್ಜ ಗೋಪುರದಲ್ಲೇ ಬಿಡಾರ ಹೂಡಿ, ಗಂಟೆಗೊಮ್ಮೆ ಕೈಯಾರೆ ಬಡಿದ. ಊರಿಗೆ ಸುತ್ತಿಗೆ ಮುರಿದ ಸುದ್ದಿಯೇ ತಿಳಿಯಲಿಲ್ಲ. ಅಜ್ಜ ಜ್ವರ ಬಂದು ಮಲಗಿದ ವಾರ ಅಜ್ಜಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಹತ್ತಿದಳು, ಕೀಲಿ ಕೊಟ್ಟಳು, ಇಳಿದು ಬಂದು ಒಲೆ ಹಚ್ಚಿದಳು. ಆ ಕೂಸೇ ಯಾಕಮ್ಮನ ಅಪ್ಪ. ಅವನು ಗೋಪುರದ ಬುಡದಲ್ಲಿ ಗಡಿಯಾರ ರಿಪೇರಿ ಅಂಗಡಿ ತೆರೆದ. ಚಕ್ರದ ಹಲ್ಲು ಮುರಿದರೆ ಹಳೇ ಹಿತ್ತಾಳೆ ಬೀಗವನ್ನು ಅರದಲ್ಲಿ ಉಜ್ಜಿ ಉಜ್ಜಿ ಹೊಸ ಹಲ್ಲು ಕೂರಿಸುತ್ತಿದ್ದ.

ಆ ಅಂಗಡಿಯಲ್ಲಿ ಈಗ ಕೂತಿರುವವಳು ಯಾಕಮ್ಮ. ದಾಖಲೆಗಳಲ್ಲಿ ಅವಳಿಗೆ ಬೇರೆ ಹೆಸರಿದೆ. ಮಾತು ಕಲಿತ ದಿನದಿಂದ ಎದುರು ಬಂದವರನ್ನೆಲ್ಲ "ಯಾಕೆ? ಯಾಕೆ?" ಎಂದು ಪೀಡಿಸಿದ್ದಕ್ಕೆ ಬಿದ್ದ ಅಡ್ಡಹೆಸರು ಐವತ್ತೆಂಟು ತುಂಬಿದರೂ ಬಿಟ್ಟುಹೋಗಲಿಲ್ಲ. ಶಾಲೆ ಏಳನೇ ತರಗತಿಗೇ ಮುಗಿದಿತ್ತು. ಮಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡಿ ಕಲಿತಳು. ಕಂಪ್ಯೂಟರ್ ತಂದ ದಿನವೂ ಮೊದಲು ಹಿಂಬದಿಯ ತಿರುಪು ಬಿಚ್ಚಿ ಒಳಗೆ ಇಣುಕಿ, ಆಮೇಲೆ ಪ್ಲಗ್ ಹಾಕಿದವಳು.

ಅಂಗಡಿಯ ಗೋಡೆಯಲ್ಲಿ ಅಪ್ಪನ ಕಾಲದ ಲೋಲಕದ ಗಡಿಯಾರವಿದೆ. ಅದಕ್ಕೆ 'ಯಜಮಾನ' ಎಂದು ಹೆಸರು. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಂಗಡಿಯ ಎಲ್ಲ ಗಡಿಯಾರಗಳೂ ಯಜಮಾನನಿಗೆ ಸರಿಹೊಂದಬೇಕು. ಕಂಪ್ಯೂಟರಿನ ಗಡಿಯಾರಕ್ಕೂ ಅದೇ ಕಾನೂನು. ಇಂಟರ್ನೆಟ್ಟಿನ ತಂತಿಯಲ್ಲಿ ತಾನಾಗಿ ವೇಳೆ ತರಿಸಿಕೊಳ್ಳುವ ಗುಂಡಿಯೊಂದು ಅದರಲ್ಲಿತ್ತು. ಯಾಕಮ್ಮ ಅದನ್ನು ಮೊದಲ ದಿನವೇ ಆಫ್ ಮಾಡಿದ್ದಳು. "ಊರಿಗೆಲ್ಲ ಟೈಮು ಕೊಟ್ಟ ಮನೆ ನಮ್ಮದು. ನಾವು ಯಾರದೋ ತಂತಿಯಿಂದ ಟೈಮು ಕಡ ತರೋದಾ?"

ಆ ಗುರುವಾರ ಅವಳಿಗೆ ಒಂದು ತುರ್ತು ಕೆಲಸವಿತ್ತು. ಅಪ್ಪನ ನಂತರ ತಾನೇ ಕೀಲಿ ಕೊಡುತ್ತ ಬಂದಿದ್ದ ಗೋಪುರದ ಗಡಿಯಾರದ ಉಸ್ತುವಾರಿಗೆ ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಬೇಕು. ಈ ಸಲ ಕಾಗದ ತೆಗೆದುಕೊಳ್ಳುವುದಿಲ್ಲ, ಊರಿನ ಆಡಳಿತ ಕಚೇರಿಯ ವೆಬ್‌ಸೈಟಿನಲ್ಲೇ ಹಾಕಬೇಕು, ಅದೂ ಸಂಜೆ ನಾಲ್ಕರೊಳಗೆ. ಯಾರೂ ಹಾಕದಿದ್ದರೆ ಹಳೇ ಯಂತ್ರ ಇಳಿಸಿ ಮೋಟಾರು ಕೂರಿಸುವುದೆಂದು ಗೊತ್ತಾಗಿತ್ತು. ಮುತ್ತಜ್ಜ ಹೊತ್ತು ಹತ್ತಿಸಿದ ಚಕ್ರಗಳು ಗುಜರಿಯವನ ತಕ್ಕಡಿಗೆ ಇಳಿಯುತ್ತವೆ.

ಎರಡು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತಳು. ಕಚೇರಿಯ ವಿಳಾಸ ಒತ್ತಿದರೆ ಅರ್ಜಿಯ ಬದಲು ಕೆಂಪು ತ್ರಿಕೋನ. 'ನಿಮ್ಮ ಸಂಪರ್ಕ ಸುರಕ್ಷಿತವಲ್ಲ.' ಇನ್ನೊಮ್ಮೆ ಒತ್ತಿದಳು. ಅದೇ ತ್ರಿಕೋನ. ಬೇರೆ ಮೂರು ವೆಬ್‌ಸೈಟು ತೆರೆದು ನೋಡಿದಳು. ಜಪ್ಪಯ್ಯ ಅಂದರೂ ಒಂದೂ ಬಿಚ್ಚಿಕೊಳ್ಳಲಿಲ್ಲ.

ತಮ್ಮನಿಗೆ ಫೋನು ಮಾಡಿದಳು. ಅವನು ದೂರದ ಊರಿನ ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕ.

"ಅಕ್ಕ, ನೀನು ಸುಮ್ಮನೆ ಕೂತ್ಕೊ. ಒಂದು ಲಿಂಕ್ ಕಳಿಸ್ತೀನಿ, ಅದನ್ನ ಒತ್ತು. ನಿನ್ನ ಕಂಪ್ಯೂಟರನ್ನ ಇಲ್ಲಿಂದಲೇ ನಾನು ನಡೆಸ್ತೀನಿ."

"ನೀನು ನಡೆಸಿದರೆ ಯಾಕೆ ನಿಂತಿತ್ತು ಅಂತ ನನಗೆ ಹೇಗೆ ಗೊತ್ತಾಗುತ್ತೋ?"

"ಗೊತ್ತಾಗಿ ಏನಾಗಬೇಕು? ಅರ್ಜಿ ಹೋದರೆ ಸಾಕಲ್ವಾ?"

"ಆಮೇಲೆ ಮಾಡ್ತೀನಿ, ಇಡು."

ಅಷ್ಟರಲ್ಲಿ ಪಕ್ಕದ ಜೆರಾಕ್ಸ್ ಅಂಗಡಿಯವನು ಮೂಗು ತೂರಿಸಿದ. ಊರ ಉಸಾಬರಿಯೆಲ್ಲ ಅವನಿಗೇ ಬೇಕು. ತ್ರಿಕೋನ ಕಂಡವನೇ ನಕ್ಕ.

"ಅಯ್ಯೋ ಅಕ್ಕ, ಇದಕ್ಕಾ ತಲೆ ಕೆಡಿಸಿಕೊಂಡಿದ್ದು? 'ಸುಧಾರಿತ' ಅಂತಿದೆ ನೋಡಿ, ಅದನ್ನ ಒತ್ತಿ. ಕೆಳಗೆ 'ಆದರೂ ಮುಂದುವರಿಯಿರಿ' ಅಂತ ಬರುತ್ತೆ. ನಾನು ದಿನಾ ಹತ್ತು ಸಲ ಒತ್ತೋನು."

"ಓದಿ ಒತ್ತುತ್ತೀಯಾ?"

"ಓದೋದು ಯಾರು?"

ಯಾಕಮ್ಮ 'ಸುಧಾರಿತ' ಒತ್ತಿದಳು, ಆದರೆ ಅವನ ಕೈಯನ್ನು ಮೌಸಿನ ಹತ್ತಿರ ಸುಳಿಯಗೊಡಲಿಲ್ಲ. ಕನ್ನಡಕ ಏರಿಸಿ ಓದಿದಳು. ಈ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರದ ಅವಧಿ ಆರುನೂರ ಚಿಲ್ಲರೆ ದಿನಗಳ ಹಿಂದೆ ಮುಗಿದಿದೆ. ಅದರ ಕೆಳಗೆ ನಿಮ್ಮ ಕಂಪ್ಯೂಟರಿನ ಗಡಿಯಾರದಲ್ಲಿ ಇಂತಿಂಥ ವಾರ, ಇಂತಿಂಥ ದಿನ ಎಂದಿದೆ, ಇದು ಸರಿಯೇ ಎಂಬ ಪ್ರಶ್ನೆ.

ಅವಳ ಮೂಗಿನ ತುದಿ ಕೆಂಪಾಯಿತು. "ನನ್ನ ಗಡಿಯಾರ ಸರಿಯೇ ಅಂತ ಕೇಳುತ್ತೆ! ಇದಕ್ಕೆ ಎಷ್ಟು ಕೊಬ್ಬು!" ಪರದೆಯ ಮೂಲೆಯ ಅಂಕಿಗಳನ್ನು ಯಜಮಾನನಿಗೂ ಗೋಡೆಯ ಕ್ಯಾಲೆಂಡರಿಗೂ ಹೋಲಿಸಿ ನೋಡಿದಳು. ಗಂಟೆ ಸರಿ, ನಿಮಿಷ ಸರಿ, ತಾರೀಕು ಸರಿ, ತಿಂಗಳು ಸರಿ. "ನನ್ನದರಲ್ಲಿ ಎಳ್ಳಷ್ಟೂ ತಪ್ಪಿಲ್ಲ."

"ಹಾಗಾದ್ರೆ ಮುಂದುವರಿಯಿರಿ ಒತ್ತಿ, ಮುಗೀತು."

"ತಾಳೋ. ಬಾಗಿಲಿಗೆ ಬಂದವನು 'ಕಚೇರಿಯಿಂದ ಬಂದಿದ್ದೀನಿ' ಅಂತ ಗುರುತಿನ ಚೀಟಿ ತೋರಿಸ್ತಾನೆ. ಚೀಟಿಯ ಅವಧಿ ಮುಗಿದಿದೆ ಅಂತ ಕಾವಲಿನವನು ಕೂಗ್ತಾನೆ. ಆದರೂ ಒಳಗೆ ಕರೆದು ಮನೆ ಪತ್ರಗಳನ್ನೆಲ್ಲ ಕೈಗೆ ಕೊಡ್ತೀಯಾ?"



ಅಪ್ಪ ಹೇಳಿಕೊಟ್ಟ ಪಾಠವೊಂದಿತ್ತು: ಅನುಮಾನದ ಗಡಿಯಾರವನ್ನು ಒಳ್ಳೆಯ ಗಡಿಯಾರದ ಪಕ್ಕ ಇಟ್ಟು ನೋಡು. ಯಾಕಮ್ಮ ಎದ್ದು ಜೆರಾಕ್ಸ್ ಅಂಗಡಿಗೆ ಹೋದಳು. ಅಲ್ಲಿ ಕಚೇರಿಯ ವೆಬ್‌ಸೈಟು ಸಲೀಸಾಗಿ ತೆರೆದುಕೊಂಡಿತು! ಹೆಸರು ಬರೆಯುವ ಜಾಗದಲ್ಲಿ ಮೀನಿನಂಗಡಿಯವನ ಹೆಸರೂ ಗುಪ್ತಪದದ ಚುಕ್ಕೆಗಳೂ ತಾವಾಗಿಯೇ ಬಂದು ಕೂತವು.

"ಇದೇನೋ ಇದು?"

"ಬಂದೋರದೆಲ್ಲ ಉಳಿದುಕೊಂಡುಬಿಡುತ್ತೆ ಅಕ್ಕ, ಮರೆವಿನವರಿಗೆ ಅನುಕೂಲ. ಇಲ್ಲೇ ಹಾಕಿಬಿಡಿ ಅರ್ಜಿ. ಮೂರು ಗಂಟೆ ಆಗಿಹೋಯ್ತು."

"ನಾಳೆ ಮೀನಿನಂಗಡಿಯವನು ನನ್ನ ಗೋಪುರದ ಉಸ್ತುವಾರಿ ಆಗ್ತಾನೆ. ನಿನ್ನ ಅನುಕೂಲ ನಿನಗೇ ಇರಲಿ."

ಆದರೂ ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ. ವಿಳಾಸದ ಪಕ್ಕದ ಗುರುತನ್ನು ಒತ್ತಿ ಪ್ರಮಾಣಪತ್ರವನ್ನೇ ತೆರೆದು, ಎಂದಿನಿಂದ ಎಂದಿನವರೆಗೆ ಎಂಬುದನ್ನು ಬೆಂಕಿಪೊಟ್ಟಣದ ಹಿಂಬದಿಗೆ ಬರೆದುಕೊಂಡಳು. ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ವಾಪಸು ಬಂದು ತನ್ನ ಕಂಪ್ಯೂಟರಿನಲ್ಲೂ ಪ್ರಮಾಣಪತ್ರ ತೆರೆದಳು. ಅಕ್ಷರಕ್ಕಕ್ಷರ ಅವೇ ತಾರೀಕುಗಳು.

ಈಗ ಅವಳಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಗಡಿಯಾರ ಬಿಚ್ಚುವಾಗಿನ ಹಾಗೆ ಕಾಲು ಮಡಚಿ ಕೂತಳು. ಗುರುತಿನ ಚೀಟಿ, ಅಂದರೆ ಪ್ರಮಾಣಪತ್ರ, ಒಂದೇ. ಅಲ್ಲಿನ ಕಾವಲಿನವನು ಒಳಗೆ ಬಿಟ್ಟ, ಇಲ್ಲಿನವನು ತಡೆದ. ಅಂದರೆ ತಪ್ಪು ಚೀಟಿಯದಲ್ಲ, ಇಲ್ಲಿನ ಕಾವಲಿನವನದು. ಅವಧಿ ಮುಗಿದಿದೆ ಎಂದು ಹೇಳಲು ಅವನಿಗೆ ಇರುವ ಆಧಾರವಾದರೂ ಏನು? ಇವತ್ತು ಯಾವ ದಿನ ಎಂಬುದೊಂದೇ.

ಮತ್ತೆ ಆ ಸಾಲನ್ನು ಓದಿದಳು. ಅಲ್ಲಿ ಭಾನುವಾರ ಎಂದಿತ್ತು.

ಭಾನುವಾರವೇ? ಹೊರಗೆ ಬೀದಿ ಗಿಜಿಗುಡುತ್ತಿದೆ, ಎದುರಿನ ಅಂಚೆ ಕಚೇರಿ ತೆರೆದಿದೆ. ಇವತ್ತು ಗುರುವಾರ. ತಾರೀಕು ಸರಿಯಿದ್ದು ವಾರ ಮಾತ್ರ ಮೂರು ದಿನ ಮುಂದೆ ಜಾರಿದೆ. ವರ್ಷಕ್ಕೆ ವಾರ ಒಂದು ಜಾರುತ್ತದೆ, ಫೆಬ್ರುವರಿಗೆ ಇಪ್ಪತ್ತೊಂಬತ್ತು ಬಂದ ವರ್ಷ ಎರಡು. ಒಂದು, ಆಮೇಲೆ ಎರಡು, ಒಟ್ಟು ಮೂರು. ಎರಡು ವರ್ಷ!

ಯಾಕಮ್ಮ ಹಣೆ ಹಣೆ ಬಡಿದುಕೊಂಡಳು.

ಆದದ್ದು ಇಷ್ಟು. ಹಿಂದಿನ ದಿನ ಒಬ್ಬ ನಿವೃತ್ತ ಮೇಷ್ಟರು ಅಪರೂಪದ ಕೈಗಡಿಯಾರ ತಂದಿದ್ದರು. ಯಾವ ವರ್ಷ ಫೆಬ್ರುವರಿಗೆ ಇಪ್ಪತ್ತೊಂಬತ್ತು ಎಂದು ತಾನೇ ತಿಳಿದುಕೊಳ್ಳುವಂಥದ್ದು. ರಿಪೇರಿ ಮುಗಿಸಿದ ಮೇಲೆ ಅದರ ಮುಳ್ಳುಗಳನ್ನು ಅಂಥ ವರ್ಷದ ಫೆಬ್ರುವರಿ ಇಪ್ಪತ್ತೆಂಟರ ಕೊನೆಗೆ ತಿರುಗಿಸಿಟ್ಟಿದ್ದಳು. ಕಂಪ್ಯೂಟರಿಗೂ ಈ ಜಾಣತನವಿದೆಯೇ ಎಂಬ ಹುಳ ತಲೆಗೆ ಹೊಕ್ಕಿತು. ಅದನ್ನೂ ಎರಡು ವರ್ಷ ಮುಂದಿನ ಅದೇ ದಿನಕ್ಕೆ ತಂದು ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಎರಡೂ ಒಟ್ಟಿಗೇ ಇಪ್ಪತ್ತೊಂಬತ್ತಕ್ಕೆ ಹೊರಳಿದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದಳು. ಆಮೇಲೆ ರಿಪೇರಿಯವರು ಮಾಡುವಂತೆ ಗಂಟೆ, ನಿಮಿಷ, ತಾರೀಕು, ತಿಂಗಳು ಹಿಂದಕ್ಕೆ ತಂದಳು. ವರ್ಷವನ್ನು ಮುಟ್ಟಲಿಲ್ಲ. ನಲವತ್ತು ವರ್ಷ ಅವಳ ಕೈಗೆ ಬಂದ ಗಡಿಯಾರಗಳ ಮುಖದ ಮೇಲೆ ವರ್ಷ ಎಂಬುದೇ ಇರಲಿಲ್ಲ. ಹಾಗಾಗಿ ಮೂಲೆಯಲ್ಲಿ ಎದ್ದು ಕಾಣುತ್ತಿದ್ದ ವರ್ಷದ ಮೇಲೆ ಕಣ್ಣು ಜಾರಿಹೋಗಿತ್ತು.

ವರ್ಷ ತಿದ್ದಿದಳು. ಪುಟವನ್ನು ಮತ್ತೆ ತೆರೆದಳು. ತ್ರಿಕೋನ ಮಾಯವಾಗಿ, ಅರ್ಜಿ ಬಾಯಿ ತೆರೆದು ಕೂತಿತು. ಯಜಮಾನ ಮೂರೂವರೆ ಬಡಿದ. ಅಜ್ಜನ ನೇಮಕದ ಪತ್ರ, ಕೀಲಿ ಕೊಟ್ಟಾಗಲೆಲ್ಲ ಅಪ್ಪ ಸಹಿ ಹಾಕಿದ ಪುಸ್ತಕ, ತನ್ನ ಚಿತ್ರ ಎಲ್ಲವನ್ನೂ ಒಂದೊಂದಾಗಿ ಏರಿಸಿ, ನಾಲ್ಕಕ್ಕೆ ಹನ್ನೆರಡು ನಿಮಿಷ ಇರುವಾಗ ಕಳಿಸಿದಳು. ಸ್ವೀಕೃತಿಯ ಸಂಖ್ಯೆ ಬಂತು. ಅದನ್ನೂ ಬೆಂಕಿಪೊಟ್ಟಣಕ್ಕೇ ಬರೆದಳು.

ಆಮೇಲೆ ಸುಮ್ಮನಿರಲಾಗಲಿಲ್ಲ. ಆಫ್ ಮಾಡಿಟ್ಟಿದ್ದ ಆ ಗುಂಡಿಯನ್ನು ಮೊದಲ ಸಲ ಒತ್ತಿದಳು. ತಂತಿಯಿಂದ ಬಂದ ವೇಳೆ ಮೂಲೆಯಲ್ಲಿ ಕೂತಿತು. ಅದನ್ನೂ ಯಜಮಾನನನ್ನೂ ನೋಡುತ್ತ ತುಟಿ ಅಲುಗಿಸಿ ಎಣಿಸಿದಳು. ಯಜಮಾನ ಹನ್ನೊಂದು ಸೆಕೆಂಡು ಹಿಂದಿದ್ದ. ಅಂದರೆ ಅವನಿಗೆ ಸರಿಹೊಂದಿಸಿದ ಗೋಪುರವೂ!

"ಎಲಾ ಮುದುಕ," ಎಂದು ಗೋಡೆಯ ಕಡೆ ನೋಡಿ ನಕ್ಕಳು. "ಯಾಕೋ?" ನಡಿಗೆ ಚುರುಕಾಗಲೆಂದು ಲೋಲಕದ ಕೆಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಫೋನು ಬಡಿದುಕೊಂಡಿತು. ತಮ್ಮ.

"ಅರ್ಜಿ ಹೋಯ್ತಾ ಅಕ್ಕ?"

"ಹೋಯ್ತು."

"ಯಾರು ಮಾಡಿಕೊಟ್ಟರು?"

"ಯಾರಾದರೂ ಮಾಡಿಕೊಟ್ಟರೆ ನಿನಗೆ ಸಮಾಧಾನ ಅಲ್ವಾ? ನಾನೇ ಕೆಡಿಸಿದ್ದು, ನಾನೇ ಸರಿಮಾಡಿದ್ದು."

"ಸರಿ ಮಾರಾಯ್ತಿ, ಸೋತೆ. ಆದರೆ ಮಂಡಿ ನೋವು ಇಟ್ಟುಕೊಂಡು ಇನ್ನು ಮೂರು ವರ್ಷ ಆ ಮೆಟ್ಟಿಲು ಹತ್ತಬೇಡ. ಇಬ್ಬರು ಗಟ್ಟಿ ಆಳುಗಳನ್ನ ಗೊತ್ತು ಮಾಡ್ತೀನಿ, ಅವರು ಹೋಗಿ ಕೀಲಿ ಕೊಡ್ತಾರೆ. ನೀನು ಕೆಳಗೆ ಕೂತು ಯಜಮಾನಿಕೆ ಮಾಡು."

ಯಾಕಮ್ಮ ಗೋಪುರದ ದೊಡ್ಡ ಕೀಲಿಕೈಯನ್ನು ಮೊಳೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಬೇಡ ಕಣೋ. ಆಳುಗಳು ಕೀಲಿ ಕೊಡ್ತಾರೆ, ಇಲ್ಲ ಅನ್ನೋದಿಲ್ಲ. ಅದು ಯಾಕೆ ಹನ್ನೊಂದು ಸೆಕೆಂಡು ಹಿಂದೆ ಬಿತ್ತು ಅಂತ ಅವರು ಕೇಳ್ತಾರಾ? ನಾನು ಕೇಳಬೇಕು, ಈಗಲೇ ಹೊರಟೆ. ಮೆಟ್ಟಿಲು ಇನ್ನೂ ನೂರ ಹನ್ನೆರಡೇ ಇವೆ, ಒಂದೂ ಹೆಚ್ಚಾಗಿಲ್ಲ. ಫೋನು ಇಡು, ಹತ್ತುವಾಗ ನನಗೆ ಮಾತಾಡೋಕೆ ಆಗಲ್ಲ."