ಎದುರಾಳಿಯ ಮಾತು ಮೊದಲು

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ನೇರಳೆ ಬಣ್ಣವಾಗಿರುತ್ತಿತ್ತು. ಹೆಬ್ಬೆಟ್ಟು ಒತ್ತುವ ಮುದುಕ ಮುದುಕಿಯರ ಕೈಯನ್ನು ತಾವೇ ಹಿಡಿದು, ಶಾಯಿಯ ಪ್ಯಾಡಿಗೆ ಮುಟ್ಟಿಸಿ, ಅಲುಗದಂತೆ ಕಾಗದದ ಮೇಲೆ ಇಳಿಸುತ್ತಿದ್ದರು. ಸಾಬೂನಿಗೂ ಜಗ್ಗದ ಆ ಬಣ್ಣ ಮಧ್ಯಾಹ್ನದ ರೊಟ್ಟಿಗೂ ಹತ್ತುತ್ತಿತ್ತು. ನಾನು ನಕ್ಕರೆ, "ಶಾಯಿ ಹೊಟ್ಟಿಗಿ ಹೋದ್ರ ಛಲೋನೇ ಅದರಿ ಮಾಸ್ತರ್ರ, ಒಳಗಿಂದ ಅಕ್ಷರ ಮೂಡ್ತಾವ" ಎನ್ನುತ್ತಿದ್ದರು.

ಹುಮನಾಬಾದಿನ ತಹಶೀಲ್ ಕಚೇರಿಯ ಎದುರು, ಝೆರಾಕ್ಸ್ ಅಂಗಡಿಯ ತಗಡಿನ ನೆರಳಲ್ಲಿ ಕುಳಿತು ಅರ್ಜಿ ಬರೆದುಕೊಡುವುದು ಅವರ ಕಸುಬು. ಊರೆಲ್ಲ ಅವರನ್ನು ಮುನಶಿ ಎಂದೇ ಕರೆಯುತ್ತಿತ್ತು. ದುಬಲಗುಂಡಿಯ ಕುರಿ ಕಾಯುವ ಮನೆತನದವರು. ಮ್ಯಾಟ್ರಿಕ್ ತನಕ ಓದಿದ್ದೆಲ್ಲ ಕುರಿಗಳ ಹಿಂದೆ ನಡೆಯುತ್ತಲೇ ಎಂದು ಹೇಳಿಕೊಳ್ಳುತ್ತಿದ್ದರು. ಈಗ ಎಲ್ಲ ಅರ್ಜಿಯೂ ಕಂಪ್ಯೂಟರಿನಲ್ಲೇ ಹೋಗಬೇಕು. ಆದರೂ ಜಗಳದ ಅರ್ಜಿಗೆ ಮಾತ್ರ ಜನ ಅವರ ಹತ್ತಿರವೇ ಬರುತ್ತಿದ್ದರು. ಬಂದವರಲ್ಲಿ ಅರ್ಧ ಜನ ಬೈದುಕೊಂಡು ಎದ್ದು ಹೋಗುತ್ತಿದ್ದರು.

ಬೈಯಲು ಕಾರಣವಿತ್ತು. ಅವರದೊಂದು ವಿಚಿತ್ರ ಪದ್ಧತಿ. ನಿಮ್ಮ ಅರ್ಜಿ ಬರೆಯುವ ಮೊದಲು, ಯಾರ ಮೇಲೆ ಅರ್ಜಿಯೋ ಅವನ ಮಾತನ್ನು ನಿಮ್ಮ ಬಾಯಿಂದಲೇ ಹೇಳಿಸಿ, ಹಳೆಯ ಫಾರಂ ಒಂದರ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಮುಗಿಯದೆ ಬಿಳಿ ಹಾಳೆ ಹೊರಗೆ ಬರುತ್ತಿರಲಿಲ್ಲ. "ಆ ಮುನಶಿ ಕಡೆ ಹೋಗಬ್ಯಾಡ್ರೋ, ನಿಮ್ಮ ದುಶ್ಮನ್‌ಗೇ ವಕೀಲಕಿ ಮಾಡ್ತಾನ" ಎಂದು ಪಕ್ಕದ ಚಹಾದಂಗಡಿಯವನು ಎಲ್ಲರಿಗೂ ಸಾರುತ್ತಿದ್ದ.

ಒಮ್ಮೆ ನನ್ನ ಕಣ್ಣೆದುರೇ ಮಂಠಾಳದ ರೈತನೊಬ್ಬ ಬಂದ. ಇಬ್ಬರಿಗೂ ಸೇರಿದ ನಡುಗೋಡೆಯ ಮೇಲೆ ನೆರೆಮನೆಯವನು ತನ್ನ ಪಕ್ಷದ ಧ್ವಜ ಕಟ್ಟಿದ್ದಾನೆ, ತೆಗೆಸಬೇಕು ಎಂಬುದು ಅವನ ದೂರು.

"ಅದಕ್ಕ ಅವ ಏನಂತಾನ, ಹೇಳ್ರಿ."

"ಅವನೇನಂತಾನ್ರಿ? ಸೊಕ್ಕು, ಮತ್ತೇನು!"

"ನನಗ ಸೊಕ್ಕದ ಅಂತ ಯಾರೂ ತಮ್ಮ ಬಾಯಿಲೆ ಹೇಳಂಗಿಲ್ಲ. ನಾ ಬರದಿದ್ದು ಓದಿದ್ರ ಅವ ಹೌದು ಅನಬೇಕು, ಹಂಗ ಹೇಳ್ರಿ."

ರೈತ ತಲೆ ಕೆರೆದುಕೊಂಡ, ಆಚೀಚೆ ನೋಡಿದ. ಕಡೆಗೆ, "ಹಿಂದಿನ ಸಲ ನಮ್ಮವ್ರು ಆರಿಸಿ ಬಂದಾಗ ಅವನ ಬಾಗಲ ಮುಂದ ಪಟಾಕಿ ಹಾರಿಸಿದ್ವಿರಿ. ಅವನ ತಾಯಿ ಆಗ ಹಾಸಿಗಿ ಹಿಡಿದಿದ್ಲು" ಎಂದ. "ಬರೀಲೇನು?" ಎಂದು ಮುನಶಿ ಕೇಳಿದರು. ಚಹಾ ಕುಡಿದು ಬರುತ್ತೇನೆ ಎಂದು ಎದ್ದ ರೈತ ತಿರುಗಿ ಬರಲಿಲ್ಲ.

ನಾನಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ರೈತ ಕೂತಿದ್ದ ಕುರ್ಚಿಯ ಮೇಲೆ ನಾನೇ ಕೂರುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ನಾನು ಹುಮನಾಬಾದಿನ ಹೈಸ್ಕೂಲು ಮಾಸ್ತರ. ಶರಣರ ಮಾತನ್ನು ವೇದಿಕೆಗಳ ಮೇಲೆ ಗಂಟೆಗಟ್ಟಲೆ ಆಡುವವನು. ಮಗಳ ಲಗ್ನ ಗೊತ್ತಾದಾಗ ಮುಹೂರ್ತ ಬೇಡ, ಅಕ್ಷತೆ ಬೇಡ, ವಚನ ಹೇಳಿ ಮದುವೆ ಮಾಡೋಣ ಎಂದೆ. ಅಷ್ಟಕ್ಕೇ ನಿಲ್ಲದೆ ಅಮಾವಾಸ್ಯೆಯ ದಿನವನ್ನೇ ಆರಿಸಿದೆ. ಬಸವಕಲ್ಯಾಣದ ಸಮುದಾಯ ಭವನವನ್ನೂ ಗೊತ್ತು ಮಾಡಿದೆ. ಆ ಭವನದ ಸಮಿತಿಗೆ ಅಧ್ಯಕ್ಷ ನನ್ನ ಸ್ವಂತ ಅಣ್ಣ. ಅಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು.

"ಅಮಾಸಿ ದಿನ ಭವನದ ಕೀಲಿ ತೆಗೆಯಂಗಿಲ್ಲ. ನಾನೂ ಬರಂಗಿಲ್ಲ" ಎಂದು ಅಣ್ಣ ಫೋನಿನಲ್ಲಿ ಹೇಳಿದ. "ನಿನ್ನ ಪಂಚಾಂಗ ನಿನಗೇ ಇರ್ಲಿ" ಎಂದೆ ನಾನು. ಮೂರು ವಾರ ಮಾತಿಲ್ಲ. ಮಗಳು ಸೀರೆ ನೋಡುವುದನ್ನೂ ಬಿಟ್ಟಳು. "ದೊಡ್ಡಪ್ಪ ಇಲ್ಲದ ಲಗ್ನ ನನಗ ಬ್ಯಾಡ" ಎಂದು ಒಂದೇ ಮಾತು. ನನಗೆ ಅವಳ ಮೇಲೂ ಸಿಟ್ಟು ಬಂತು. ಸರಕಾರದ ಭವನವನ್ನು ಅಮಾವಾಸ್ಯೆಯ ನೆಪದಲ್ಲಿ ನಿರಾಕರಿಸಿದ್ದಾರೆಂದು ಕಲ್ಯಾಣದ ತಹಶೀಲ್ದಾರರಿಗೆ ದೂರು ಬರೆಸಲು ಸೀದಾ ಮುನಶಿಯವರ ಹತ್ತಿರ ಹೋದೆ.

ಅವರು ಹಳೆಯ ಫಾರಂ ಹುಡುಕಿ ಹಿಂಬದಿ ತಿರುಗಿಸಿದರು.

"ಅಣ್ಣಾವ್ರ ಮಾತು ಹೇಳ್ರಿ."

"ಮೂಢನಂಬಿಕಿ. ಬರೀರಿ."

"ಇದಕ್ಕ ಅವರು ಸಹಿ ಹಾಕ್ತಾರೇನು?"

"ಮಂದಿಗಿ ಅಂಜಾಕತ್ತಾನ."

"ಅದಕ್ಕೂ ಹಾಕಂಗಿಲ್ಲ."

ಕಡೆಗೆ, ಅಮಾವಾಸ್ಯೆಯ ದಿನ ಮದುವೆಯಾದರೆ ಹುಡುಗಿಗೆ ಒಳ್ಳೆಯದಾಗುವುದಿಲ್ಲವೆಂದು ನಂಬಿದ್ದೇನೆ ಎಂದು ಅಣ್ಣನ ಮಾತಾಗಿ ಬರೆಸಿದೆ. ಮುನಶಿಯವರು ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟರು. "ಕಲ್ಯಾಣಕ್ಕ ಹೋಗಿ ಬರ್ರಿ. ಇದು ನನ್ನ ಮಾತು ಅಂತ ಅವರು ಸಹಿ ಮಾಡ್ಲಿ. ನಿಮ್ಮ ಅರ್ಜಿ ಆಮ್ಯಾಲ."

"ನಾ ಇಲ್ಲಿ ಫಿರ್ಯಾದು ಬರೆಸಾಕ ಬಂದೀನ್ರಿ, ಅವನ ಕಾಲ ಹಿಡಿಲಾಕ ಅಲ್ಲ!"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಮಾಸ್ತರ್ರ, ಕುರಿ ಎತ್ತ ಓಡಾಕತ್ತದ ಅಂತ ಅದರ ಬೆನ್ನ ಹತ್ತಿದ್ರ ಕುರಿ ಸಿಗಂಗಿಲ್ಲ. ಯಾದಕ್ಕ ಬೆದರ್ಯಾದ, ಹಿಂದ ತಿರುಗಿ ಅದನ್ನ ನೋಡ್ರಿ" ಎಂದರು.

ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಅಣ್ಣ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಕಾಗದವನ್ನು ಮುಂದಿಟ್ಟೆ. ಎರಡು ಸಲ ಓದಿದ. ಪೆನ್ನು ತೆಗೆದು ನಾನು ಬರೆಸಿದ್ದನ್ನು ಹೊಡೆದುಹಾಕಿ ಕೆಳಗೆ ಒಂದೇ ಸಾಲು ಬರೆದ. "ತಂಗಿಯ ಲಗ್ನಕ್ಕೆ ತಿಥಿ ನೋಡುವುದು ಬೇಡ ಎಂದು ಹಟ ಹಿಡಿದವನು ನಾನು."

 ಅವನಿಗೆ ತಂಗಿ, ನನಗೆ ಅಕ್ಕ. ಅವಳ ಲಗ್ನವಾದಾಗ ನಾನು ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ಎಂಟು ತಿಂಗಳೊಳಗೆ ಭಾವ ಟ್ರ್ಯಾಕ್ಟರ್ ಉರುಳಿ ಸತ್ತ. ಅಕ್ಕ ನಮ್ಮ ಮನೆಗೇ ಮರಳಿ, ಅಲ್ಲೇ ಬದುಕಿ, ಅಲ್ಲೇ ತೀರಿಕೊಂಡಳು. ಕಾಲೇಜಿಗೆ ಹೋಗುತ್ತಿದ್ದ ಅಣ್ಣ ಆಗ ನನ್ನ ಹಾಗೆಯೇ ಮಾತಾಡುತ್ತಿದ್ದನೆಂಬುದು ನನಗೆ ಆ ದಿನದವರೆಗೂ ತಿಳಿದಿರಲಿಲ್ಲ.

"ತಿಥಿಗೂ ಟ್ರ್ಯಾಕ್ಟರಿಗೂ ಸಂಬಂಧ ಇಲ್ಲಂತ ನನಗೂ ಗೊತ್ತದೋ ತಮ್ಮಾ" ಎಂದ ಅಣ್ಣ. "ಖರೇ, ಅವ್ವ ಸಾಯೂ ಮಟ ನನ್ನ ಮಾರಿ ನೋಡಿದಾಗೆಲ್ಲ ಅದನ್ನೇ ನೆನಸ್ತಿದ್ಲು. ಬಾಯಿ ಬಿಟ್ಟು ಒಂದಿನಾ ಅನಲಿಲ್ಲ. ಈ ಕೂಸಿಗಿ ಏನರ ಆದ್ರ ನಾ ತಾಳಂಗಿಲ್ಲ."

ನನ್ನ ಹತ್ತಿರ ಉತ್ತರಗಳಿದ್ದವು. ವೇದಿಕೆಯ ಮೇಲಾಗಿದ್ದರೆ ಎಲ್ಲವನ್ನೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.  ಅಲ್ಲಿ ಅವನು ತರಿಸಿದ ಚಹಾ ಕುಡಿದು, ಕಾಗದ ತೆಗೆದುಕೊಂಡು ಬಂದೆ.

ಮರುದಿನ ಮುನಶಿಯವರು ಆ ಸಾಲನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊಟ್ಟ ಮಾತಿನಂತೆ ಬಿಳಿ ಹಾಳೆ ತೆಗೆದು, "ಈಗ ನಿಮ್ದು ಹೇಳ್ರಿ. ಮುಹೂರ್ತ ಬ್ಯಾಡ, ತಿಳೀತು. ಅಮಾಸೀನೇ ಯಾಕ ಬೇಕು?" ಎಂದು ಕೇಳಿದರು.

ಸಿದ್ಧಾಂತ ಎಂದೆ. ಅವರು ಬರೆಯಲಿಲ್ಲ. ಸಮಾಜಕ್ಕೆ ಮಾದರಿಯಾಗಲಿ ಎಂದೆ. ಪೆನ್ನು ಆಗಲೂ ಅಲುಗಲಿಲ್ಲ.

"ನೀವು ಯಾದಕ್ಕ ಅಂಜಾಕತ್ತೀರಿ, ಮಾಸ್ತರ್ರ?"

ಬಹಳ ಮೆಲ್ಲಗೆ ಕೇಳಿದರು. ಬೇರೆ ಯಾರಾದರೂ ಕೇಳಿದ್ದರೆ ಜಗಳ ತೆಗೆಯುತ್ತಿದ್ದೆ. ಭಾಷಣದಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂದು ಶಾಲೆಯವರು ಆಡಿಕೊಳ್ಳುತ್ತಾರೆಂಬ ಭಯ ನನ್ನನ್ನು ಎಷ್ಟೋ ವರ್ಷಗಳಿಂದ ಕಾಡಿತ್ತು. ಅಣ್ಣನ ಭಯದಲ್ಲಿ ಮಗಳಿದ್ದಳು. ನನ್ನದರಲ್ಲಿ ಬರೀ ನಾನಿದ್ದೆ. ನಾಚಿಕೊಂಡೇ ಅದನ್ನು ಅವರಿಗೆ ಹೇಳಿದೆ. ಮುನಶಿಯವರು ಬಿಳಿ ಹಾಳೆಯನ್ನು ಹಾಗೇ ಪೆಟ್ಟಿಗೆಯೊಳಗಿಟ್ಟು, ಎರಡು ಚಹಾ ಹೇಳಿದರು.

ನಾನು ಅಮಾವಾಸ್ಯೆಯ ಹಟ ಬಿಟ್ಟೆ. ಮಗಳು ಮುಂದಿನ ಒಂದು ರವಿವಾರವನ್ನು ಆರಿಸಿದಳು. ಅಣ್ಣ ಗುಟ್ಟಾಗಿ ಪಂಚಾಂಗ ತೆರೆದು ನೋಡಿದನೋ ಇಲ್ಲವೋ ನಾನು ಕೇಳಲಿಲ್ಲ. ಭವನದ ಕೀಲಿಯನ್ನು ಅವನೇ ತೆಗೆದ. ಅಕ್ಷತೆಯಿಲ್ಲದ ಮದುವೆಯಲ್ಲಿ ಮುಖ ಗಂಟು ಹಾಕಿಕೊಂಡೇ ಮುಂದಿನ ಸಾಲಿನಲ್ಲಿ ಕುಳಿತ. ಮಗಳು ಕಾಲು ಮುಟ್ಟಿದಾಗ ಗಂಟು ಬಿಚ್ಚಿ ಅತ್ತುಬಿಟ್ಟ.

ಪೇಡೆ ತೆಗೆದುಕೊಂಡು ಹೋದಾಗ ಮುನಶಿಯವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರು ಗೆದ್ರಿ?"

"ಯಾರೂ ಗೆಲ್ಲಲಿಲ್ರಿ. ಅವ ಅವನ ಕಡಿನೇ ಇದ್ದಾನ, ನಾ ನನ್ನ ಕಡಿ."

"ಹಂಗಾರ ಪೇಡೆ ಕೊಡ್ರಿ" ಎಂದು ಕೈಚಾಚಿದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎರಡೇ ದಿನದ ಜ್ವರ. ಅಣ್ಣ ಅವರನ್ನು ಒಮ್ಮೆಯೂ ನೋಡಿದವನಲ್ಲ, ಆದರೂ ಸುದ್ದಿ ಕೇಳಿ ಅಂಗಡಿ ಮುಚ್ಚಿ ಬಂದ. ಇಬ್ಬರೂ ದುಬಲಗುಂಡಿಗೆ ಮಣ್ಣಿಗೆ ಹೋದೆವು. ಮಂಠಾಳದ ಆ ರೈತನೂ ಬಂದಿದ್ದ, ಜೊತೆಯಲ್ಲಿ ಇನ್ನೊಬ್ಬನನ್ನು ಕರೆತಂದಿದ್ದ. ಇವನೇ ನಮ್ಮ ನೆರೆಮನೆಯವನು ಎಂದು ನನಗೆ ಪರಿಚಯ ಮಾಡಿಸಿದ. ನಾನು ಮುನಶಿಯವರಿಗೆ ಒಂದು ಮಾತನ್ನೂ ಹೇಳದೆ ಕಳಿಸಿಕೊಟ್ಟೆನಲ್ಲ, ನನ್ನ ಅಣ್ಣನನ್ನು ನನಗೆ ತಿರುಗಿ ಕೊಟ್ಟವರು ನೀವೇ ಎಂದು ಬದುಕಿದ್ದಾಗಲೇ ಹೇಳಬೇಕಿತ್ತು ಎಂದು ಮಣ್ಣು ಮುಚ್ಚಿದ ಗುದ್ದಿನ ಎದುರು ನಿಂತು ಬಹಳ ಸಂಕಟವಾಯಿತು.

ತಿರುಗಿ ಬರುವ ಬಸ್ಸಿನಲ್ಲಿ ಅಣ್ಣನೂ ನಾನೂ ಒಂದೇ ಸೀಟಿನಲ್ಲಿ ಕುಳಿತೆವು. ಯಾವುದೋ ಮಾತಿಗೆ ಚುನಾವಣೆ ಬಂತು. ಹುಮನಾಬಾದ್ ಬರುವತನಕ ಜಗಳವಾಡಿದೆವು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ಹೊರಟೇಬಿಟ್ಟಿತ್ತು. ಅಣ್ಣ ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಜಗಳ ಇನ್ನಾ ಮುಗಿದಿಲ್ಲೋ. ಐತವಾರ ಊಟಕ್ಕ ಬಾ, ಉಳಿದಿದ್ದು ಆಡೂನು!"