ಕಾಡಪ್ಪ ಬರೆದ ಹನ್ನೊಂದು ಸುಳ್ಳು ಚಿತ್ರ

ಕಾಡಪ್ಪನ ಮನೆ ಸ್ವಾರಗೇಟದ ಹಿಂದಿನ ಓಣಿಯಲ್ಲಿ, ಗುಮಾಸ್ತಿಕೆ ವಿಮಾನ ನಗರದ ಗೋದಾಮಿನಲ್ಲಿ. ೧೯೯೨ರಿಂದ ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾಳಿಗೆ ಹತ್ತುತ್ತಿದ್ದ. ಸಣ್ಣ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಅದರಲ್ಲಿ ಕಂಡ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ ಎಣಿಸುವುದು ಅವನ ಹುಚ್ಚು. ತಿಂಗಳ ಕೊನೆಗೆ ಆ ಹಾಳೆಗಳನ್ನು ಖಗೋಳ ಸಂಘದ ಕಾರ್ಯದರ್ಶಿ ರಘುರಾಮರಿಗೆ ಕೊಡುತ್ತಿದ್ದ. ಅವರು ವಿದೇಶದ ಸಂಶೋಧನಾ ಕೇಂದ್ರಕ್ಕೆ ಕಳಿಸುತ್ತಿದ್ದರು.

ಏಳು ವರ್ಷವಾದ ಮೇಲೆ ಕೇಂದ್ರದ ವರದಿಯೊಂದು ಅವನ ಕೈಗೆ ಬಿತ್ತು. ಎಣಿಕೆಯೆಲ್ಲ ಅವನದೇ. ನೋಡಿದವರ ಹೆಸರು ಮಾತ್ರ ರಘುರಾಮ.

ಕೇಳಿದ್ದಕ್ಕೆ ರಘುರಾಮರು ಕನ್ನಡಕ ಒರೆಸುತ್ತ ಅಂದರು, “ಗೋದಾಮಿನ ಕ್ಲರ್ಕ್ ನೋಡ್ಯಾನ ಅಂದ್ರ ಅಲ್ಲಿ ಯಾರು ನಂಬ್ತಾರ, ಕಾಡಪ್ಪ?”

ಅವನು ಜಗಳ ತೆಗೆಯದೆ ಹಾಳೆಗಳನ್ನು ಮೊದಲಿನಂತೆ ಕೊಡುತ್ತ ಹೋದ. ಆ ಮಾತು ಎದೆಯಲ್ಲಿ ಕೆಂಡದಂತೆ ಕೂತಿತು. ಮುಂದಿನ ಫೆಬ್ರುವರಿಯಲ್ಲಿ ಹನ್ನೊಂದು ದಿನ, ಬಿಂಬದ ಮೇಲುಭಾಗದಲ್ಲಿ ಇಲ್ಲದ ಕಲೆಗಳ ಗುಂಪೊಂದನ್ನು ಬರೆದ. ಸೂರ್ಯ ತಿರುಗುವ ಲೆಕ್ಕಕ್ಕೆ ಸರಿಯಾಗಿ ದಿನದಿನಕ್ಕೆ ಅದನ್ನು ಸರಿಸಿದ, ಬೆಳೆಸಿದ. ಅಷ್ಟು ಮುತುವರ್ಜಿಯಿಂದ ಅವನು ನಿಜದ ಕಲೆಗಳನ್ನೂ ಬರೆದಿರಲಿಲ್ಲ.

ಬೇರೆ ದೇಶದವರ ಚಿತ್ರಗಳಲ್ಲಿ ಆ ಗುಂಪು ಇರಲಿಲ್ಲ. ಕೇಂದ್ರದವರು ದಿನದಿನದ ನೋಟ ಬರೆದಿಟ್ಟ ಮೂಲ ವಹಿ ಕೇಳಿದರು. ರಘುರಾಮರ ಬಳಿ ಅಂಥ ವಹಿ ಇರಲಿಲ್ಲ. ಆ ಹೆಸರಿನಲ್ಲಿ ಬಂದ ಏಳು ವರ್ಷದ ಎಣಿಕೆಯನ್ನೆಲ್ಲ ಕೈಬಿಟ್ಟಿದ್ದೇವೆ ಎಂಬ ಕೇಂದ್ರದ ಪತ್ರವನ್ನು ಸಂಘದ ಅಧ್ಯಕ್ಷರು ಸಭೆಯಲ್ಲಿ ಓದಿದರು. ಕಾಡಪ್ಪ ಹಿಂದಿನ ಸಾಲಿನಲ್ಲಿ ಕೂತು, ರಘುರಾಮರ ಬಾಗಿದ ತಲೆಯನ್ನು ಕಣ್ತುಂಬ ನೋಡಿದ.

ಬಾಗಿಲಲ್ಲಿ ರಘುರಾಮರು ಅವನನ್ನು ತಡೆದರು. “ಆ ಕಲೆ ಇಲ್ಲಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ನೀವೂ ಒಂದು ದಿನ ಸೂರ್ಯನ್ನ ನೋಡಿದ್ರ ನಿಮಗೂ ಗೊತ್ತಾಗ್ತಿತ್ತು.”

ಮನೆಗೆ ಬಂದು ಹೆಂಡತಿ ಪಾರವ್ವನಿಗೆ ಎಲ್ಲ ಹೇಳಿ ನಕ್ಕ. ಅವಳು ನಗಲಿಲ್ಲ.

“ಅವರ ಹೆಸರು ಹೋತು, ಖರೆ. ಹಾಳಾದ ಏಳು ವರ್ಷ ಯಾರದರಿ?”

ಎರಡು ದಿನ ಅವನಿಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ನೋಡಿದವನು ತಾನೇ ಎಂದು ತಿಳಿಸಿ, ಸುಳ್ಳು ಚಿತ್ರದ ಹನ್ನೊಂದು ತಾರೀಖುಗಳನ್ನೂ ಬರೆದು, ತಪ್ಪು ಒಪ್ಪಿಕೊಂಡು ಕೇಂದ್ರಕ್ಕೆ ಪತ್ರ ಹಾಕಿದ. ಹಳೆಯದನ್ನು ಸೇರಿಸಲಾಗದು, ಬೇಕಿದ್ದರೆ ಹೊಸದಾಗಿ ಶುರು ಮಾಡಿ ಎಂದು ಉತ್ತರ ಬಂತು. ಮಾಡಿದ. ೨೦೦೩ರ ವರದಿಯಲ್ಲಿ ಮೊದಲ ಸಲ ಅವನ ಹೆಸರು ಅಚ್ಚಾಯಿತು.

ಆ ವರ್ಷವೇ ಬಸ್ಸಿನಲ್ಲಿ ರಘುರಾಮರು ಎದುರಾಗಿ, ಹಳೆಯದನ್ನು ಮರೆತುಬಿಡು ಅಂದರು. ಕಾಡಪ್ಪ ಮುಂದಿನ ಸ್ಟಾಪಿನಲ್ಲೇ ಇಳಿದು, ಉಳಿದ ದಾರಿ ನಡೆದ.