ಎಂಜಿನ್ನಿನ ಅಂಕಿ ಕಾಯುವ ಬ್ರಷ್ ಅಕ್ಕ

ಬೆಳಗಿನ ಬಿಸಿಲು ಗ್ಯಾರೇಜಿನ ಬಾಗಿಲಿಂದ ಓರೆಯಾಗಿ ಒಳಗೆ ಬೀಳುವ ಹೊತ್ತಿಗೆ ಬ್ರಷ್ ಅಕ್ಕ ಸ್ಟೂಲ್ ಎಳೆದುಕೊಂಡು ಕೂತಾಗಿದೆ. ಎದುರಿಗೆ ಮರದ ದಿಮ್ಮಿಗಳ ಮೇಲೆ ಹಳೆಯ ಕಾರೊಂದರ ಎಂಜಿನ್ ಬ್ಲಾಕ್, ಮೈತುಂಬ ಜಿಡ್ಡು. ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒಂದು ಮೂಲೆಗೆ ಒತ್ತಿ ಹಿಡಿಯುತ್ತಾರೆ, ಎತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಉಜ್ಜುವುದಿಲ್ಲ. ಕಪ್ಪು ಕರಗಿ ಎಂಜಿನ್ ಸಂಖ್ಯೆಯ ಒಂದು ಏಳು ಮೇಲೆ ಬರುತ್ತದೆ, ಅದರ ಪಕ್ಕ ಅರ್ಧ ಸೊನ್ನೆ.

"ಬಂದ್ಯಾ ಮಹಾರಾಯ," ಎಂದು ಏಳಕ್ಕೆ ಹೇಳಿ, ಆಮೇಲೆ ನಮ್ಮತ್ತ ತಿರುಗುತ್ತಾರೆ. "ಬಿಸಿಲು ಓರೆ ಇರೋ ತನಕ ಮಾತ್ರ ನನ್ನ ಆಟ. ನೆತ್ತಿಗೆ ಬಂತು ಅಂದ್ರೆ ಅಂಕಿಗೆ ನೆರಳಿಲ್ಲ, ಕಣ್ಣಿಗೇ ಸಿಗಲ್ಲ."

ಐವತ್ತು ದಾಟಿದ ಈ ಹೆಂಗಸು ಮೊದಲು ವಾಹನಗಳ ನಂಬರ್ ಪ್ಲೇಟ್ ಬರೆಯುತ್ತಿದ್ದರು; ಬ್ರಷ್ ಅಕ್ಕ ಎಂಬ ಹೆಸರು ಆಗಿನದು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಆ ಕುಂಚವೇ. ಸ್ಟಿಕ್ಕರ್ ಕತ್ತರಿಸುವ ಯಂತ್ರ ಬೀದಿಗೊಂದು ಬಂದಾಗ ಅಂಗಡಿ ಮುಚ್ಚಿತು. ಮೆಕ್ಯಾನಿಕ್ ಆಗಿದ್ದ ಒಡಹುಟ್ಟಿದ ಅಣ್ಣ ತನ್ನ ಗ್ಯಾರೇಜಿಗೆ ಕರೆದ. "ಸುಮ್ನೆ ಮನೇಲಿ ಕೂತು ಯಾಕೆ ಕೊರಗ್ತೀಯ, ಬಂದು ಎಂಜಿನ್ ತೊಳಿ," ಎಂದ.

ತೊಳೆಯುವುದು ಎಂದರೆ ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಗೆ ಇಳಿಸಿ ತಂತಿ ಬ್ರಷ್‌ನಿಂದ ಕೆರೆಯುವುದು ಎಂದೇ ಎಲ್ಲರ ಲೆಕ್ಕ. ಹಾಗೆ ಮಾಡಿದರೆ ಕಾರ್ಖಾನೆಯವರು ಬಳಿದ ಬಣ್ಣದ ಗುರುತು ಮೊದಲು ಹೋಗುತ್ತದೆ. ಉಪ್ಪುಕಾಗದ ತಿಕ್ಕಿದರೆ ಸಂಖ್ಯೆಯ ಸುತ್ತಲಿನ ಕೂದಲೆಳೆಯಂಥ ಗೆರೆಗಳೂ ಹೋಗುತ್ತವೆ. ಅಕ್ಕ ಮೊದಲು ಗುರುತುಗಳನ್ನು ಹುಡುಕಿ, ಫೋಟೊ ತೆಗೆದು, ಮೇಲೆ ಟೇಪು ಅಂಟಿಸುತ್ತಾರೆ. ಉಳಿದ ಮೈಗೆ ಆಮೇಲೆ ಕೈ ಹಾಕುತ್ತಾರೆ. ಬಣ್ಣವಿದ್ದ ಕಡೆ ಥಿನ್ನರ್ ಇಲ್ಲ, ಸೋಪಿನ ನೀರು ಅಷ್ಟೇ. ತಿಂಗಳಿಗೆ ಮೂರೋ ನಾಲ್ಕೋ ಬ್ಲಾಕ್ ಮುಗಿದರೆ ಹೆಚ್ಚು. ಚಳಿಗಾಲದಲ್ಲಿ ಬೆರಳ ಸಂದುಗಳು ಬಿರಿಯುತ್ತವೆ.

ಈ ಹಟ ಅಣ್ಣನಿಗೂ ಮೊದಲು ಹಿಡಿಸಿರಲಿಲ್ಲ. ಒಮ್ಮೆ ಒಬ್ಬರು ತೀರಿಹೋದ ತಂದೆಯ ಕಾರು ತಂದರು. ಬೇರೆಲ್ಲೋ ಜಿಡ್ಡು ತೆಗೆಯಲೆಂದು ಬ್ಲಾಕಿಗೆ ಗಾಳಿಯ ರಭಸದಲ್ಲಿ ಮರಳು ಹೊಡೆಸಿದ್ದರು. ಸಂಖ್ಯೆ ಇದ್ದ ಜಾಗ ಅಂಗೈಯಂತೆ ನುಣ್ಣಗಾಗಿತ್ತು. ಇದು ಅಪ್ಪ ಓಡಿಸಿದ ಎಂಜಿನ್ನೇ ಎನ್ನಲು ಬೇರೆ ಗುರುತಿರಲಿಲ್ಲ. ಅಣ್ಣ ಲೋಹದ ಮೇಲೆ ಅಂಕಿ ಒತ್ತುವ ಪಂಚ್‌ಗಳನ್ನು ತಂಗಿಯ ಮುಂದಿಟ್ಟ.

"ಹಳೆ ಕಾಗದದಲ್ಲಿ ನಂಬರ್ ಇದೆ. ನಿನ್ನ ಅಕ್ಷರ ಅಚ್ಚೊತ್ತಿದ ಹಾಗಿರುತ್ತೆ. ಹೊಡೆದುಕೊಡು, ಯಾರಿಗೂ ಗೊತ್ತಾಗಲ್ಲ."

"ಕೈಗೆ ಬರ್ತಿತ್ತು, ಮನಸ್ಸಿಗೆ ಬರಲಿಲ್ಲ," ಎಂದು ಅಕ್ಕ ನೆನೆಯುತ್ತಾರೆ. "ನಾನು ಹೊಡೆದ್ರೆ ಅದು ನನ್ನ ನಂಬರ್ ಆಗುತ್ತೆ. ಅವರಪ್ಪನ ಗಾಡೀದು ಹೇಗಾಗುತ್ತೆ?"

ಅಣ್ಣ ಮುಖ ಊದಿಸಿಕೊಂಡು ಮಾತು ಬಿಟ್ಟ. ಊಟದ ಡಬ್ಬಿ ಬಿಚ್ಚುವಾಗಲೂ ಇಬ್ಬರದೂ ಒಂದೊಂದು ದಿಕ್ಕು. ಅಕ್ಕ ಮಾತ್ರ ಬ್ಲಾಕನ್ನು ಮಗುಚಿ ಹಾಕಿಸಿ, ಮರಳು ಮುಟ್ಟದ ಸಂದುಗೊಂದುಗಳಿಗೆ ಹತ್ತಿ ಇಳಿಸಿದರು. ಮೂರನೆಯ ಬೆಳಿಗ್ಗೆ, ಎಂಜಿನ್ ಕೂರುವ ಬೋಲ್ಟಿನ ಹಿಂದೆ ಬ್ಲಾಕ್ ಎರಕ ಹೊಯ್ದ ತಾರೀಖು ಉಬ್ಬಾಗಿ ಕಂಡಿತು. ಅದರ ಕೆಳಗೆ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದ ಯಾರೋ ಎಳೆದ ಹಳದಿ ಬಣ್ಣದ ಗೀಟು. ಆ ಮಗ ಫೋನಿನಲ್ಲಿದ್ದ ಹಳೆಯ ಫೋಟೊ ತೆಗೆದರು. ಎಂಜಿನ್ ಬಿಚ್ಚಿಟ್ಟು ಅಪ್ಪ ಪಕ್ಕದಲ್ಲಿ ನಿಂತ ಚಿತ್ರ. ಬೋಲ್ಟಿನ ಹಿಂದೆ ಅದೇ ಗೀಟು, ತುದಿಯಲ್ಲಿ ಅದೇ ಸೋರಿದ ಹನಿ.

"ಅವರು ನೆಲದ ಮೇಲೇ ಕೂತುಬಿಟ್ರು," ಎನ್ನುತ್ತಾರೆ ಅಕ್ಕ. ಹೋದ ಸಂಖ್ಯೆ ವಾಪಸು ಬರಲಿಲ್ಲ. ಆದರೆ ಅಪ್ಪನ ಎಂಜಿನ್ ಕೈಬಿಡದೆ ಅವರು ಮನೆಗೆ ಒಯ್ದರು. ಅಣ್ಣ ಪಂಚ್‌ಗಳನ್ನು ತಾನೇ ಎತ್ತಿ ಅಟ್ಟಕ್ಕೆ ಹಾಕಿದ. ಈಗ ತಂಗಿ ಹೂಂ ಅನ್ನದೆ ಯಾವ ಬ್ಲಾಕೂ ತೊಟ್ಟಿಗೆ ಇಳಿಯುವುದಿಲ್ಲ.

"ಇವಳ ಕೈಯಲ್ಲಿ ಸಿಕ್ಕಿ ಗಿರಾಕಿಗಳೂ ಕಾಯೋದು ಕಲ್ತಿದ್ದಾರೆ," ಎಂದು ಅಣ್ಣ ಗೊಣಗುತ್ತಾನೆ. ಗೊಣಗಾಟದಲ್ಲಿ ಹೆಮ್ಮೆ ಅಡಗುವುದಿಲ್ಲ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಅಕ್ಕ ಸಂಖ್ಯೆಗೆ ತೆಳುವಾಗಿ ಎಣ್ಣೆ ಸವರುತ್ತ ನಗುತ್ತಾರೆ. "ಇಷ್ಟು ಎಂಜಿನ್ ತೊಳೆದೆ, ಒಂದು ಗಾಡೀಲೂ ಕೂತಿಲ್ಲ. ಒಂದೇ ಒಂದು ಸುತ್ತು ಹೋಗ್ಬೇಕು. ಅದೂ ಮುಂದಿನ ಸೀಟಲ್ಲೇ. ಹಿಂದೆ ಕೂತ್ರೆ ಎಂಜಿನ್ ಏನು ಹೇಳುತ್ತೆ ಅಂತ ಸರಿಯಾಗಿ ಕೇಳಲ್ಲ, ನೋಡಿ."